ಇವರ ಹೆಸರಿನ ಷೇರುಗಳು

ಆ ಮೇಲ್ ಬಂದದ್ದು ನಮ್ಮ ಯಜಮಾನರ ಫೋನಿಗೆ. ಅದನ್ನು ತೆರೆಯಬೇಕಾದರೆ ಇವರ ಬಲಗೈ ಹೆಬ್ಬೆರಳು ಬೇಕು. ಲಕ್ವ ಹೊಡೆದಾಗಿನಿಂದ ಆ ಕೈ ತೊಡೆಯ ಮೇಲೆ ಮುದುಡಿಕೊಂಡು ಬಿದ್ದಿತ್ತು. ನಾನು ಮಂಚದ ಅಂಚಿನಲ್ಲಿ ಕೂತು, ಮಡಚಿಕೊಂಡ ಬೆರಳುಗಳನ್ನು ಬಿಡಿಸಿ, ಹೆಬ್ಬೆರಳನ್ನು ಫೋನಿಗೆ ಒತ್ತಿದೆ. ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ಇವರು ಅದನ್ನು ನೋಡುತ್ತಿದ್ದರು.

"ಕಂಪನಿಯಿಂದ ಬಂದಿದೆ ರೀ. ಷೇರಿನ ವಿಷಯ ಇರ್ಬೇಕು," ಅಂದೆ.

"ಆಯ್ತು," ಅಂದರು.

ಆಗ ಇವರ ಬಾಯಲ್ಲಿ ಉಳಿದಿದ್ದದ್ದು ಅದೊಂದೇ ಮಾತು. ನೀರು ಬೇಕಾ ಅಂದರೂ ಆಯ್ತು, ಬೇಡವಾ ಅಂದರೂ ಆಯ್ತು. ನೋವಾದರೆ ಅದನ್ನೇ ಜೋರಾಗಿ ಹೇಳುತ್ತಿದ್ದರು. ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಹುಡುಗಿ ನನಗೆ ಬಿಡಿಸಿ ಹೇಳಿದ್ದಳು: "ಮೇಡಂ, ನೀವು ಹೇಳೋದು ಅವರಿಗೆ ತುಂಬಾನೇ ಅರ್ಥ ಆಗತ್ತೆ. ಆದ್ರೆ ಅವರು ಹೇಳ್ಬೇಕು ಅಂದ್ಕೊಂಡಿದ್ದು ಬಾಯಿಗೆ ಬರೋ ಹೊತ್ತಿಗೆ ಆ ಒಂದೇ ಪದ ಆಗ್ಬಿಡತ್ತೆ. ಅದನ್ನ ಹೂಂ ಅಂತ ತಗೋಬೇಡಿ, ಊಹೂಂ ಅಂತಾನೂ ತಗೋಬೇಡಿ." ಹಾಗಾದರೆ ಏನೆಂದು ತೆಗೆದುಕೊಳ್ಳಬೇಕು ಎನ್ನುವುದನ್ನು ಅವಳೂ ಹೇಳಲಿಲ್ಲ.

ಸಂಜೆ ಕಾಲೇಜಿನಿಂದ ಬಂದ ಮಗಳು ಇಂಗ್ಲಿಷಿನಲ್ಲಿದ್ದ ಆ ಉದ್ದದ ಮೇಲನ್ನು ಎರಡು ಸಲ ಓದಿದಳು. ಆಮೇಲೆ ಹೇಳಿದಳು: "ಹೊಸದಾಗಿ ದುಡ್ಡು ಹಾಕೋರು ಬರ್ತಿದಾರಂತೆ ಅಮ್ಮ. ಹಳಬರ ಹತ್ರ ಇರೋ ಷೇರನ್ನ ಅವರೇ ಕೊಂಡ್ಕೋತಾರಂತೆ. ಬೇಕಿದ್ರೆ ಮಾರ್ಬಹುದು, ಬೇಡ ಅಂದ್ರೆ ಇಟ್ಕೋಬಹುದು. ತಿಂಗಳ ಕೊನೇವರೆಗೂ ಟೈಮ್."

"ಈಗ ಮಾರ್ದೇ ಇದ್ರೆ, ಮುಂದೆ ಯಾವಾಗ ಮಾರ್ಬಹುದು?"

"ಅದನ್ನ ಅವರು ಬರ್ದಿಲ್ಲ."

ಪೇಪರಿನಲ್ಲಿ ದಿನವೂ ರೇಟು ಬರುವಂಥ ಷೇರು ಅದಲ್ಲ. ಕಂಪನಿ ಇನ್ನೂ ಖಾಸಗಿಯಾಗಿತ್ತು. ಯಾರಾದರೂ ಬಂದು ನಾವು ಕೊಳ್ಳುತ್ತೇವೆ ಎಂದಾಗ ಮಾತ್ರ ಅದಕ್ಕೊಂದು ಬೆಲೆ. ಉಳಿದ ದಿನಗಳಲ್ಲಿ ಅದು ಬರೀ ಮಾತು. ಆ ಮಾತನ್ನು ನಂಬಿ ಇವರು ಐದಾರು ವರ್ಷ ದುಡಿದಿದ್ದರು.

ಅದಕ್ಕೂ ಮೊದಲು ಇವರು ಪೀಣ್ಯದ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ತಾಮ್ರದ ತಂತಿಯ ಕಾಯಿಲ್ ಸುತ್ತುವ ವಿಭಾಗದ ಸೂಪರ್‌ವೈಸರ್. ಪಿಎಫ್, ಬೋನಸ್, ಆಯುಧಪೂಜೆಗೆ ಸ್ಟೀಲ್ ಡಬ್ಬಿ, ಎಲ್ಲ ಇದ್ದ ಕೆಲಸ. ನಾನು ದಾಸರಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರ್. ಬಾಗಲಗುಂಟೆಯಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡು, ಮೇಲಿನ ರೂಮನ್ನು ಫ್ಯಾಕ್ಟರಿ ಹುಡುಗರಿಗೆ ಬಾಡಿಗೆಗೆ ಕೊಟ್ಟು, ನಮ್ಮ ಪಾಡಿಗೆ ನಾವಿದ್ದೆವು. ಆಗ ಇಬ್ಬರು ಎಂಜಿನಿಯರ್ ಹುಡುಗರು ಇವರನ್ನು ಹುಡುಕಿಕೊಂಡು ಬಂದರು. ಎಲೆಕ್ಟ್ರಿಕ್ ಆಟೋಗಳಿಗೆ ಚಾರ್ಜರ್ ಮಾಡುತ್ತೇವೆ, ನಾವು ಸುತ್ತಿದ ಕಾಯಿಲ್ ಎಲ್ಲ ಬಿಸಿಯಾಗಿ ಸುಟ್ಟುಹೋಗುತ್ತಿದೆ, ಒಮ್ಮೆ ಬಂದು ನೋಡಿ ಸಾರ್ ಎಂದರು. ಇವರು ಭಾನುವಾರ ನೋಡಿಬರಲು ಹೋದರು. ಮುಂದಿನ ಭಾನುವಾರವೂ ಹೋದರು. ಕೆಲವು ತಿಂಗಳ ಮೇಲೆ ಒಂದು ದಿನ ಚಪ್ಪಲಿ ಬಿಡುತ್ತಲೇ ಹೇಳಿದರು: "ಕೆಲಸ ಬಿಟ್ಟೆ ಕಣೇ."

ಆ ಹುಡುಗರ ಹತ್ತಿರ ಇದ್ದದ್ದು ಶೀಟಿನ ಸೂರಿನ ಒಂದು ಶೆಡ್ಡು, ಪಕ್ಕದಲ್ಲೇ ಬಿಡಿಭಾಗಗಳಿಗೆ ಬಣ್ಣ ಹೊಡೆಯುವ ಪೇಂಟ್ ಬೂತ್. ಸಂಬಳ ಹಳೆಯದರ ಅರ್ಧ. ಉಳಿದದ್ದಕ್ಕೆ ಬದಲಾಗಿ ಷೇರು. "ಷೇರು ಬೇಯಿಸಿ ಹಾಕ್ಲಾ?" ಎಂದು ನಾನು ಕೇಳಿದ್ದೆ. ಇವರು ನಕ್ಕಿದ್ದರು. ಆ ವಯಸ್ಸಿನಲ್ಲಿ ಇವರನ್ನು ಅಷ್ಟು ಹುಮ್ಮಸ್ಸಿನಲ್ಲಿ ನಾನು ನೋಡಿರಲಿಲ್ಲ. ಊಟಕ್ಕೆ ಕೂತರೆ ತಾಮ್ರದ ತಂತಿಯ ಮಾತು, ಅದಕ್ಕೆ ಹಚ್ಚುವ ವಾರ್ನಿಷ್ ಮಾತು. ಇಬ್ಬರು ಹುಡುಗರಲ್ಲಿ ಒಬ್ಬ ಆರ್ಡರ್ ಹಿಡಿಯಲು ಯಾವಾಗಲೂ ಊರು ಸುತ್ತುತ್ತಿದ್ದ. ಇನ್ನೊಬ್ಬ, ಕನ್ನಡಕದವನು, ಶೆಡ್ಡಿನಲ್ಲೇ ಇರುತ್ತಿದ್ದ. ಅವನು ಭಾನುವಾರ ನಮ್ಮ ಮನೆಗೆ ಬಂದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಮುದ್ದೆ ಸಾರು ತಿನ್ನುತ್ತಿದ್ದ. ನನ್ನನ್ನು ಅಕ್ಕ ಎನ್ನುತ್ತಿದ್ದ. "ಅಕ್ಕ, ಸಾರ್ ಇಲ್ದಿದ್ರೆ ನಾವು ಮೊದಲ ವರ್ಷಾನೇ ಬಾಗಿಲು ಹಾಕ್ತಿದ್ವಿ," ಎಂದು ಇವರೆದುರೇ ಹೇಳುತ್ತಿದ್ದ. ಇವರು ಕೇಳಿಸದವರಂತೆ ಉಪ್ಪಿನಕಾಯಿ ಬಡಿಸಿಕೊಳ್ಳುತ್ತಿದ್ದರು.

ಕಂಪನಿ ಬೆಳೆಯಿತು. ಶೆಡ್ಡು ಎರಡಾಯಿತು. ಆಮೇಲೆ ಪೀಣ್ಯ ಸಾಲದೆ ಆನೇಕಲ್ ಕಡೆ ದೊಡ್ಡ ಜಾಗ ಹಿಡಿದು, ಹೊಸ ಕಾರ್ಖಾನೆ ಕಟ್ಟಲು ಶುರುಮಾಡಿದರು. ಅದು ಮುಗಿಯುವ ಮೊದಲೇ, ಹಳೆಯ ಶೆಡ್ಡಿನಲ್ಲಿ ಮಧ್ಯಾಹ್ನದ ಟೀ ಕುಡಿಯುತ್ತಿದ್ದ ಇವರ ಕೈಯಿಂದ ಲೋಟ ಬಿತ್ತು. ಜೊತೆಗಿದ್ದವರು ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ಜೀವ ಉಳಿಯಿತು. ಬಲಭಾಗ ಮತ್ತು ಮಾತು ಹೋಯಿತು.

ಕಂಪನಿಯವರು ಬಿಟ್ಟುಹಾಕಲಿಲ್ಲ, ಆ ಮಾತು ಹೇಳಲೇಬೇಕು. ಆಸ್ಪತ್ರೆಯ ಖರ್ಚು ಕಟ್ಟಿದರು, ಕೆಲವು ತಿಂಗಳು ಸಂಬಳವನ್ನೂ ಕೊಟ್ಟರು. ಆಮೇಲೆ ಅದು ನಿಂತಿತು, ನಿಲ್ಲಲೇಬೇಕಿತ್ತು. ನನ್ನ ಸಂಬಳ ಮತ್ತು ಮೇಲಿನ ರೂಮಿನ ಬಾಡಿಗೆಯಲ್ಲಿ ಫಿಜಿಯೋ, ಥೆರಪಿ, ಮಗಳ ಫೀಸು, ಹಗಲು ಇವರನ್ನು ನೋಡಿಕೊಳ್ಳುವ ಹೆಂಗಸು, ಎಲ್ಲವೂ ಸಾಗಬೇಕಿತ್ತು. ಈ ಮೇಲ್ ಬಂದದ್ದು ಅಂಥ ಹೊತ್ತಿನಲ್ಲಿ.

ಅಣ್ಣನಿಗೆ ಫೋನ್ ಮಾಡಿದೆ. ಬ್ಯಾಂಕಿನಲ್ಲಿದ್ದು ನಿವೃತ್ತನಾದವನು. ಮಾರನೆಯ ದಿನವೇ ಬಂದು, ಮೇಲನ್ನು ಓದಿ, ಕನ್ನಡಕ ತೆಗೆದಿಟ್ಟು ಹೇಳಿದ: "ಯೋಚನೆ ಮಾಡೋಕೇನಿದೆ? ಎಲ್ಲ ಮಾರಿಬಿಡು. ಇಂಥ ಕಂಪನಿಗಳು ಇವತ್ತು ಇರ್ತವೆ, ನಾಳೆ ಇರಲ್ಲ. ಭಾವನ ಪರಿಸ್ಥಿತಿ ನೋಡು."

ಮಗಳು ಬಾಗಿಲಲ್ಲಿ ನಿಂತಿದ್ದಳು. "ಮಾವ, ಅಪ್ಪ ಇದನ್ನ ಯಾವತ್ತೂ ಮಾರ್ತಿರ್ಲಿಲ್ಲ. ನನ್ನ ಹತ್ರ ಎಷ್ಟು ಸಲ ಹೇಳಿದಾರೆ, ನೀನು ಓದು ಮುಗಿಸೋ ಹೊತ್ತಿಗೆ ಇದು ಎಲ್ಲಿಗೋ ಹೋಗಿರತ್ತೆ ನೋಡ್ತಿರು ಅಂತ."

"ಅದು ಅವನು ಚೆನ್ನಾಗಿದ್ದಾಗ ಹೇಳಿದ್ದು ಕಣಮ್ಮ."

"ಅಪ್ಪ ಈಗ್ಲೂ ಇಲ್ಲೇ ಇದಾರಲ್ಲ. ಅವರನ್ನೇ ಕೇಳಿ."

ಕೇಳದೆ ಬಿಟ್ಟಿದ್ದೆನೇ? ಬೆಳಿಗ್ಗೆ ಕಾಫಿ ಕುಡಿಸುತ್ತಾ ಕೇಳಿದೆ, ಗಡ್ಡ ತೆಗೆಯುತ್ತಾ ಕೇಳಿದೆ. "ಮಾರ್ಲಾ ರೀ?" "ಆಯ್ತು." "ಇಟ್ಕೊಳ್ಲಾ?" "ಆಯ್ತು." ಕಣ್ಣು ನೋಡಿ ತಿಳಿದುಕೊಳ್ಳೋಣವೆಂದರೆ ಎರಡು ಸಲವೂ ಕಣ್ಣಿನಲ್ಲಿ ಒಂದೇ ಆತುರ. ಮೂರನೆಯ ಸಲ ಕೇಳಿದರೆ ಸಿಟ್ಟು ಬರುತ್ತಿತ್ತು. ಆಯ್ತು, ಆಯ್ತು, ಆಯ್ತು ಎಂದು ಗಂಟಲು ಕಟ್ಟುವವರೆಗೆ ಕೂಗಿ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಥೆರಪಿಸ್ಟ್ ಒಂದು ಉಪಾಯ ಹೇಳಿಕೊಟ್ಟಳು. ಎರಡು ಚೀಟಿ ಮಾಡಿ ಒಂದರ ಮೇಲೆ "ಮಾರು" ಎಂದೂ ಇನ್ನೊಂದರ ಮೇಲೆ "ಇಟ್ಟುಕೋ" ಎಂದೂ ದಪ್ಪಕ್ಷರದಲ್ಲಿ ಬರೆದೆ. ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳಿಗೆ ಬರೆಯುವಷ್ಟು ದೊಡ್ಡದಾಗಿ. ಊಟದ ಮಣೆಯ ಮೇಲೆ ಅಕ್ಕಪಕ್ಕ ಇಟ್ಟು, "ಯಾವ್ದು ಅಂತ ಮುಟ್ಟಿ ತೋರ್ಸಿ," ಅಂದೆ. ಇವರು ಬಹಳ ಹೊತ್ತು ನೋಡಿದರು. ಎಡಗೈ ನಿಧಾನವಾಗಿ ಎದ್ದು ಬಂದು "ಇಟ್ಟುಕೋ" ಎಂಬ ಚೀಟಿಯ ಮೇಲೆ ಕೂತಿತು.

ಮಗಳು, "ನೋಡ್ದ್ಯಾ!" ಎಂದು ಚಪ್ಪಾಳೆ ತಟ್ಟಿದಳು. ನನಗೂ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಥೆರಪಿಸ್ಟ್ ಮಾತ್ರ ಚೀಟಿಗಳ ಜಾಗ ಅದಲುಬದಲು ಮಾಡಿ, "ಇನ್ನೊಂದ್ ಸಲ ತೋರ್ಸಿ ಸಾರ್," ಅಂದಳು. ಇವರ ಕೈ ಮತ್ತೆ ಎದ್ದು, ಅದೇ ಎಡಬದಿಗೆ ಹೋಗಿ, ಈಗ ಅಲ್ಲಿದ್ದ "ಮಾರು" ಎಂಬುದರ ಮೇಲೆ ಕೂತಿತು. ಬಲಗಡೆ ಇಟ್ಟದ್ದು ಇವರಿಗೆ ಸರಿಯಾಗಿ ಕಾಣುತ್ತಲೇ ಇಲ್ಲ ಎಂದು ಅವಳು ಆಮೇಲೆ ಅಡುಗೆಮನೆಯಲ್ಲಿ ನನಗೆ ಹೇಳಿದಳು. ಕಣ್ಣಿಗೆ ಏನೂ ಆಗಿಲ್ಲ, ಮಿದುಳು ಆ ಕಡೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿಲ್ಲ ಎಂದಳು. ಹಾಗಾದರೆ ಒಂದರ ಕೆಳಗೆ ಒಂದು ಇಟ್ಟು ನೋಡೋಣ ಎಂದು ಹಾಗೂ ಇಟ್ಟೆವು. ಇವರು ಎರಡನ್ನೂ ಅಂಗೈಯಿಂದ ಒರೆಸಿ ನೆಲಕ್ಕೆ ಬೀಳಿಸಿದರು. ಆಮೇಲೆ ಅತ್ತರು. ನಾನು ಚೀಟಿಗಳನ್ನು ಹರಿದು ಒಲೆಯ ಪಕ್ಕದ ಬುಟ್ಟಿಗೆ ಹಾಕಿದೆ.

ತಿಂಗಳು ಮುಗಿಯುತ್ತಾ ಬಂದಿತ್ತು. ಹೊಸ ಕಾರ್ಖಾನೆಯನ್ನು ಇವರು ನೋಡಿರಲೇ ಇಲ್ಲ. ಕರೆದುಕೊಂಡು ಹೋಗಿ ತೋರಿಸಿದರೆ ಇವರ ಮನಸ್ಸು ಹೇಗಾದರೂ ಹೊರಗೆ ಕಾಣಬಹುದು ಎಂದು ನನಗೆ ಹೊಳೆಯಿತು. ಶಾಲೆಗೆ ರಜೆ ಹಾಕಿ, ಒಂದು ಕಾರು ಮಾಡಿಕೊಂಡು ಹೊರಟೆವು. ಬಾಗಲಗುಂಟೆಯಿಂದ ಆನೇಕಲ್ ಕಡೆಗೆ ಊರನ್ನೇ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಬೇಕು. ಇವರಿಗೆ ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿದ್ದೆ. ದಾರಿಯುದ್ದಕ್ಕೂ ಎಡಗಿಟಕಿಯಿಂದ ಹೊರಗೆ ನೋಡುತ್ತಾ ಮಗುವಿನ ಹಾಗೆ ಖುಷಿಯಾಗಿದ್ದರು.

ಗೇಟಿನಲ್ಲಿ ಸೆಕ್ಯುರಿಟಿಯವನು ತಡೆದ. "ಯಾರನ್ನ ನೋಡ್ಬೇಕು ಮೇಡಂ? ಅಪಾಯಿಂಟ್‌ಮೆಂಟ್ ಇದೆಯಾ?" ಎಂದು ಕೇಳಿ, ಇವರ ಆಧಾರ್ ಕಾರ್ಡ್ ತೋರಿಸಿ ಅಂದ. ಇವರು ಅವನಿಗೆ "ಆಯ್ತು" ಅಂದರು. ಅಷ್ಟರಲ್ಲಿ ಒಳಗಿನಿಂದ ಒಬ್ಬರು ಓಡಿಬಂದರು. ಯಾದಗಿರಿ ಕಡೆಯವರು, ಹಳೆಯ ಶೆಡ್ಡಿನಲ್ಲಿ ಇವರ ಕೈಕೆಳಗೆ ಕಾಯಿಲ್ ಸುತ್ತುವುದನ್ನು ಕಲಿತು ಈಗ ಇಲ್ಲಿ ಫೋರ್‌ಮನ್ ಆಗಿದ್ದವರು. ಇವರನ್ನು ಆಟೋದಲ್ಲಿ ಆಸ್ಪತ್ರೆಗೆ ಒಯ್ದವರೂ ಅವರೇ. "ಸಾಹೇಬ್ರ, ಬರ್ರಿ ಬರ್ರಿ," ಎಂದು ಇವರ ಸೊಂಟಕ್ಕೆ ಕೈ ಕೊಟ್ಟು ನಿಧಾನವಾಗಿ ನಡೆಸಿಕೊಂಡು ಒಳಗೆ ಕರೆದೊಯ್ದರು.

ಒಳಗೆ ಆಸ್ಪತ್ರೆಯಂಥ ಬೆಳಕು. ಸಾಲುಸಾಲಾಗಿ ಟೋಪಿ ಹಾಕಿಕೊಂಡ ಹುಡುಗಿಯರು ಕೂತಿದ್ದರು. ಕಾಯಿಲನ್ನು ಈಗ ಯಂತ್ರ ಸುತ್ತುತ್ತಿತ್ತು. ಯಾರೂ ಇವರ ಕಡೆ ತಲೆಯೆತ್ತಲಿಲ್ಲ. ಅವರಿಗೆ ಇವರು ಯಾರೆಂದು ತಿಳಿಯುವುದಾದರೂ ಹೇಗೆ? ಕೊನೆಯಲ್ಲಿ, ಗೋಡೆಯ ಹತ್ತಿರ, ಹಳೆಯ ಶೆಡ್ಡಿನಿಂದ ತಂದಿಟ್ಟ ಮರದ ಟೆಸ್ಟಿಂಗ್ ಬೆಂಚೊಂದಿತ್ತು. ಇವರು ತಾವೇ ಅಳತೆ ಕೊಟ್ಟು ಬಡಗಿಯಿಂದ ಮಾಡಿಸಿದ್ದು. ಅದರ ಮುಂದೆ ನಿಂತು, ಎಡಗೈಯನ್ನು ಹಲಗೆಯ ಮೇಲೆ ಊರಿ, ಇವರು ಸದ್ದಿಲ್ಲದೆ ಅತ್ತರು. ಆ ಕೈಯಲ್ಲಿ ಹಿಡಿದಿದ್ದ ಊರುಗೋಲು ಜಾರಿ ಬಿತ್ತು. ಫೋರ್‌ಮನ್ ಅದನ್ನು ಎತ್ತಿಕೊಂಡರು.

ಇದು ತನ್ನದು, ಬಿಡಬೇಡ ಎನ್ನುತ್ತಿದ್ದಾರೆ ಎಂದು ನನಗನಿಸಿತು. ಹಾಗೆಂದು ಫೋರ್‌ಮನ್‌ಗೆ ಮೆಲ್ಲಗೆ ಹೇಳಿದೆ. ಅವರು ಅಲ್ಲವೆಂದು ತಲೆಯಾಡಿಸಿದರು. "ನಂಗ್ ಹಂಗ ಅನಸಂಗಿಲ್ರಿ ಅಕ್ಕಾರ. ಸಾಹೇಬ್ರು ಹೋಗಿಬರ್ತೀನಿ ಅಂತ ಹೇಳಾಕತ್ತಾರ ಅನಸ್ತದ."

"ನೀವೇನ್ ಮಾಡಿದ್ರಿ ನಿಮ್ಮ ಷೇರು?"

"ನಂದೇನ್ ಭಾಳ ಇರ್ಲಿಲ್ರಿ. ಇದ್ದಷ್ಟೂ ಮಾರಿಬಿಟ್ಟೆ. ತಂಗಿ ಮದುವಿ ಐತಿ. ಖರೇ ಹೇಳ್ಬೇಕಂದ್ರ, ಮಾರಿದ್ದು ಛಲೋ ಆತೋ ಇಲ್ಲೋ ನಂಗೂ ಗೊತ್ತಿಲ್ಲ. ನನ್ನ ನೋಡಿ ನೀವು ಮಾಡಬ್ಯಾಡ್ರಿ."

ಕನ್ನಡಕದ ಹುಡುಗ ಮೇಲಿನ ಮಹಡಿಯಲ್ಲಿ ಗಾಜಿನ ಕೋಣೆಯಲ್ಲಿದ್ದ. ಲಿಫ್ಟಿನಲ್ಲಿ ಮೇಲೆ ಬಂದ ಇವರನ್ನು ಕಂಡು ಎದ್ದು ಬಂದು ಕಾಲಿಗೆ ನಮಸ್ಕಾರ ಮಾಡಿದ. ತೂಕ ಇಳಿದಿದ್ದ, ಕೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು. ಕಾಫಿ ತರಿಸಿದ. ಅವನ ಪಕ್ಕದಲ್ಲಿ ಕಂಪನಿಯ ಕಾನೂನು ನೋಡಿಕೊಳ್ಳುವ ಹೆಂಗಸೊಬ್ಬರು ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ನಾನು ನೇರವಾಗಿ ಕೇಳಿದೆ: "ನೀನು ನಮ್ಮನೆಯಲ್ಲಿ ಊಟ ಮಾಡಿದೋನು. ನನಗೆ ಇದೆಲ್ಲ ತಿಳಿಯಲ್ಲ. ಮಾರ್ಲೋ, ಇಟ್ಕೊಳ್ಳೋ? ನೀನು ಹೇಳಿದಂಗೆ ಮಾಡ್ತೀನಿ."

ಅವನು ಆ ಹೆಂಗಸಿನ ಮುಖ ನೋಡಿದ. ಅವರು ತಲೆಯೆತ್ತಲಿಲ್ಲ, ಆದರೆ ಟೈಪು ಮಾಡುವುದನ್ನು ನಿಲ್ಲಿಸಿದ್ದರು.

"ಅಕ್ಕ, ನಾನು ಹೇಳೋ ಹಾಗಿಲ್ಲ," ಅಂದ. "ಮಾರಿ ಅಂದ್ರೂ ತಪ್ಪಾಗತ್ತೆ, ಇಟ್ಕೊಳ್ಳಿ ಅಂದ್ರೂ ತಪ್ಪಾಗತ್ತೆ. ನಾಳೆ ಯಾರಾದ್ರೂ, ಇವನಿಗೆ ಒಳಗಿನ ವಿಷಯ ಗೊತ್ತಿತ್ತು, ಅದಕ್ಕೇ ಹೀಗೆ ಹೇಳಿದ ಅಂತಾರೆ."

"ನಿನಗೆ ಗೊತ್ತಿದೆಯಾ?"

ಅವನು ಕಾಫಿ ಲೋಟವನ್ನು ಮೇಜಿನ ಮೇಲೆ ತಿರುಗಿಸುತ್ತಾ ಕೂತ. "ಕಂಪನಿ ಬೆಳೀತಿದೆ ಅಕ್ಕ. ಅದು ಎಲ್ಲರಿಗೂ ಗೊತ್ತಿರೋ ವಿಷಯ. ಬೆಳೆದಷ್ಟೂ ಹೊಸಬರ ದುಡ್ಡು ಬೇಕಾಗತ್ತೆ. ಅವರು ಬಂದ ಹಾಗೆಲ್ಲ ಅವರ ಮಾತೇ ಜಾಸ್ತಿ ನಡೆಯತ್ತೆ. ಇಷ್ಟೇ ನಾನು ಹೇಳೋಕಾಗೋದು." ಕೆಳಗೆ ಕಾರಿನವರೆಗೆ ಬಂದ. ಇವರನ್ನು ಸೀಟಿನಲ್ಲಿ ಕೂರಿಸಿ, ಪಕ್ಕಕ್ಕೆ ಜಾರಿದ್ದ ಬಲಗೈಯನ್ನು ಎತ್ತಿ ಮಡಿಲಲ್ಲಿಟ್ಟ. ಬಾಗಿಲು ಮುಚ್ಚಿದ.

ವಾಪಸು ಬರುವಾಗ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಇವರು ನಿದ್ದೆ ಹೋದರು. ನನಗೆ ಮಾತ್ರ ಅವನ ಮಾತಿನ ಒಂದೊಂದು ಪದವೂ ಒಮ್ಮೆ ಮಾರು ಎಂದೂ ಒಮ್ಮೆ ಇಟ್ಟುಕೋ ಎಂದೂ ಕೇಳಿಸುತ್ತಿತ್ತು.

ಕೊನೆಯ ದಿನ ಅಣ್ಣ ಬಂದು ಕೂತಿದ್ದ. ಮಗಳು ಕಾಲೇಜಿಗೆ ಹೋಗಿರಲಿಲ್ಲ. ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ನಾನು "ಅರ್ಧ ಮಾರೋಣ," ಅಂದೆ. ಅದರ ಹಿಂದೆ ಯಾವ ಲೆಕ್ಕಾಚಾರವೂ ಇರಲಿಲ್ಲ. ಇಬ್ಬರಿಗೂ ಇಲ್ಲವೆನ್ನಲಾರದೆ ಬಾಯಿಗೆ ಬಂದದ್ದು. ಅಣ್ಣ ನಿಟ್ಟುಸಿರು ಬಿಟ್ಟ. ಮಗಳು ಎದ್ದು ಒಳಗೆ ಹೋದಳು.

ಷೇರು ಇವರ ಹೆಸರಿನಲ್ಲಿದ್ದುದರಿಂದ ಒಪ್ಪಿಗೆಯನ್ನು ಇವರೇ ವಿಡಿಯೋ ಕಾಲಿನಲ್ಲಿ ಕೊಡಬೇಕಿತ್ತು. ಇವರ ತಲೆ ಬಾಚಿ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದೆ. ಫೋನಿನ ಪರದೆಯ ಮೇಲೆ ಬಂದ ಕಂಪನಿ ಕಡೆಯ ಹುಡುಗಿ ಚುರುಕಾಗಿದ್ದಳು.

"ನಮಸ್ಕಾರ ಸಾರ್. ನಿಮ್ಮ ಷೇರುಗಳಲ್ಲಿ ಅರ್ಧದಷ್ಟನ್ನ ಮಾರೋಕೆ ನಿಮಗೆ ಪೂರ್ತಿ ಒಪ್ಪಿಗೆ ಇದೆಯಾ?"

"ಆಯ್ತು," ಅಂದರು ಇವರು.

ನನಗೆ ತಡೆಯಲಾಗಲಿಲ್ಲ. "ಮೇಡಂ, ಅವರು ಎಲ್ಲದಕ್ಕೂ ಅದನ್ನೇ ಹೇಳೋದು. ಅವರಿಗೆ ಬೇರೆ ಮಾತು ಬರಲ್ಲ. ನೀವು ಬೇಕಿದ್ರೆ ಒಪ್ಪಿಗೆ ಇಲ್ವಾ ಅಂತ ಕೇಳಿ ನೋಡಿ."

ಆ ಹುಡುಗಿ ಮುಂದಿದ್ದ ಕಾಗದ ತಿರುವಿದಳು. "ಡಾಕ್ಟರ್ ಸರ್ಟಿಫಿಕೇಟ್‌ನಲ್ಲಿ ತಿಳುವಳಿಕೆ ಇದೆ ಅಂತ ಬರ್ದಿದಾರಲ್ಲ ಮೇಡಂ?"

"ತಿಳುವಳಿಕೆ ಇದೆ. ಮಾತಿಲ್ಲ."

"ಪರವಾಗಿಲ್ಲ ಮೇಡಂ. ರೆಕಾರ್ಡ್ ಆಗಿದೆ. ಥ್ಯಾಂಕ್ಯೂ ಸಾರ್," ಎಂದು ಕಾಲ್ ಮುಗಿಸಿದಳು. ಆಮೇಲೆ ಇವರ ಫೋನಿಗೆ ಒಂದು ಒಟಿಪಿ ಬಂತು. ಫೋನ್ ತೆರೆಯಲು ಮತ್ತೆ ಆ ಹೆಬ್ಬೆರಳನ್ನು ಎತ್ತಿ ಒತ್ತಿದೆ.

ದುಡ್ಡು ಬಂತು. ಅದರಿಂದ ಫಿಜಿಯೋ ನಿಲ್ಲಲಿಲ್ಲ, ಥೆರಪಿ ನಿಲ್ಲಲಿಲ್ಲ. ಮಗಳ ಓದು ಮುಗಿದು ಅವಳು ಮಾರತ್ತಹಳ್ಳಿಯ ಒಂದು ಆಫೀಸಿಗೆ ಸೇರಿದಳು. ಸುಮಾರು ಒಂದು ವರ್ಷ ಕಳೆದಿತ್ತು. ಒಂದು ಬೆಳಿಗ್ಗೆ ಕಾಫಿ ಬಾಯಿಗಿಟ್ಟಾಗ ಇವರು "ಬಿಸಿ" ಅಂದರು. ಲೋಟ ಕೆಳಗಿಟ್ಟು ಮಗಳನ್ನು ಕೂಗಿದೆ. ಆಮೇಲೆ ಒಂದೊಂದೇ ಪದ ಬರತೊಡಗಿತು. ಬೆಳಕು, ಬಾಗಿಲು, ಮಗಳ ಹೆಸರು. ಕೊಡ ಬಾವಿಯಿಂದ ಮೇಲೆ ಬರುವ ಹಾಗೆ ನಿಧಾನವಾಗಿ, ಅರ್ಧ ಚೆಲ್ಲಿಕೊಂಡು.

ಒಂದು ಮಧ್ಯಾಹ್ನ ಫೋರ್‌ಮನ್ ಇವರನ್ನು ನೋಡಲು ಬಂದು, ಕಾರ್ಖಾನೆಯ ಸುದ್ದಿಯನ್ನೆಲ್ಲ ಹೇಳಿ ಹೋದರು. ಅವರು ಹೋದ ಮೇಲೆ ಇವರು ಬಹಳ ಹೊತ್ತು ಬಾಗಿಲ ಕಡೆ ನೋಡುತ್ತಾ ಕೂತಿದ್ದು, "ಷೇರು," ಅಂದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, "ಮಾರಿದ್ಯಾ?"

"ಅರ್ಧ ಮಾರಿದೆ ರೀ."

ಇವರ ಕೆಳತುಟಿ ಅಲುಗಿತು. ಪದ ಹುಡುಕುತ್ತಿದ್ದಾರೆಂದು ಗೊತ್ತಾಗಿ ನಾನು ಕಾದೆ.

"ನನ್ನ... ಕೇಳ್ಲಿಲ್ಲ," ಅಂದರು.

ಕಾಫಿ ಕುಡಿಸುತ್ತಾ ಕೇಳಿದ್ದು, ಚೀಟಿ ಬರೆದದ್ದು, ಆನೇಕಲ್ ದಾರಿ, ವಿಡಿಯೋ ಕಾಲು, ಎಲ್ಲ ಹೇಳಲು ಬಾಯಿ ತೆರೆದೆ. ನೀಲಿ ಅಂಗಿ ಹಾಕಿಕೊಂಡು ಹೋಗಿದ್ದೆವಲ್ಲ ಅಂದೆ. ಇವರು ಇಲ್ಲವೆಂದು ತಲೆಯಾಡಿಸಿದರು. ಆ ತಿಂಗಳುಗಳ ನೆನಪು ಇವರಲ್ಲಿ ಇರಲೇ ಇಲ್ಲ. ಹಾಗಾಗುವುದುಂಟು ಎಂದು ಥೆರಪಿಸ್ಟ್ ಆಮೇಲೆ ಹೇಳಿದಳು. ಆದರೆ ಇವರ ಪಾಲಿಗೆ ನಡೆದದ್ದು ಇಷ್ಟೇ: ತಾವು ಮಲಗಿದ್ದಾಗ ಹೆಂಡತಿ ತಮ್ಮ ದುಡಿಮೆಯ ಅರ್ಧವನ್ನು ಯಾರಿಗೋ ಕೊಟ್ಟುಬಿಟ್ಟಳು. ನಾನು ವಾದ ಮಾಡಲಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ನೆನಪಿರುವ ಸಂಗತಿಯನ್ನು ಏನೆಂದು ವಾದಿಸುವುದು? ಆದರೆ ಆ ದಿನ ಅನ್ನ ಬಸಿಯುವಾಗ ಗಂಜಿ ಕೈ ಮೇಲೆ ಬಿದ್ದದ್ದೂ ನನಗೆ ತಿಳಿಯಲಿಲ್ಲ.

"ಉಳಿದಿದ್ದು ಹಾಗೇ ಇದೆ ರೀ," ಎಂದು ಮಾರನೆಯ ದಿನ ಹೇಳಿದೆ. "ಇನ್ನು ಅದನ್ನ ಏನ್ ಮಾಡ್ಬೇಕು ಅಂತ ನೀವೇ ಹೇಳಿ. ನಾನು ಕೈ ಹಾಕಲ್ಲ."

ಅದು ಇವರಿಗೆ ಹಿಡಿಸಿತು. ದಿನಾ ಸಂಜೆ ಮಗಳಿಂದ ಕಂಪನಿಯ ಸುದ್ದಿ ಓದಿಸಿಕೊಳ್ಳತೊಡಗಿದರು. ಎಡಗೈಯಲ್ಲಿ ಸಹಿ ಅಭ್ಯಾಸ ಮಾಡಿದರು. "ಇರ್ಲಿ," ಎನ್ನುವುದು ಇವರ ತೀರ್ಮಾನವಾಗಿತ್ತು. "ಇನ್ನೂ... ಬೆಳೀಲಿ." ಹಾಗೆ ಹೇಳುವಾಗ ಇವರ ಬೆನ್ನು ನೆಟ್ಟಗಾಗುತ್ತಿತ್ತು. ಷೇರು ಉಳಿಸಿಕೊಂಡದ್ದೇ ಒಳ್ಳೆಯದಾಯಿತು ಎಂದು ನನಗೂ ಅನಿಸತೊಡಗಿತ್ತು.

ಮುಂದಿನ ಮೇಲ್ ಬಂದದ್ದು ಹಾಗಿರುವಾಗ. ಒಂದು ದೊಡ್ಡ ಕಂಪನಿ ಈ ಕಂಪನಿಯನ್ನು ಪೂರ್ತಿಯಾಗಿ ಕೊಂಡುಕೊಂಡಿತ್ತು. ಚಿಕ್ಕಪುಟ್ಟ ಷೇರುದಾರರೆಲ್ಲರ ಷೇರುಗಳೂ ತಾವಾಗಿಯೇ ಅವರಿಗೆ ಹೋಗುತ್ತವೆ. ಮಗಳು ಆಫೀಸಿನಿಂದಲೇ ಫೋನ್ ಮಾಡಿ ಓದಿ ಹೇಳಿದಳು: "ನಿಮ್ಮ ಕಡೆಯಿಂದ ಏನೂ ಮಾಡಬೇಕಾಗಿಲ್ಲ ಅಂತ ಬರ್ದಿದಾರೆ ಅಮ್ಮ." ದೊಡ್ಡ ಮೊತ್ತ ಹಾಕಿದ್ದವರ ಪಾಲನ್ನು ಮೊದಲು ಕೊಟ್ಟು, ಮಿಕ್ಕದ್ದನ್ನು ಇವರಂಥವರಿಗೆ ಹಂಚುತ್ತಾರಂತೆ. ಕಂಪನಿ ಅಷ್ಟು ಬೆಳೆದಿದ್ದರೂ, ಆ ಅರ್ಧಕ್ಕೆ ಬರಲಿದ್ದದ್ದು ಹಿಂದೆ ಮಾರಿದ ಅರ್ಧಕ್ಕೆ ಬಂದದ್ದಕ್ಕಿಂತ ಕಡಿಮೆ.

ಇವರಿಗೆ ಹೇಗೆ ಹೇಳುವುದೆಂದು ತಿಳಿಯದೆ ಫೋನನ್ನೇ ಕೈಗೆ ಕೊಟ್ಟೆ. ಆ ಹೊತ್ತಿಗೆ ಎಡಗೈ ಹೆಬ್ಬೆರಳಿಗೆ ಅದು ತೆರೆಯುತ್ತಿತ್ತು. ತುಟಿ ಅಲುಗಿಸುತ್ತಾ, ಮತ್ತೆ ಮತ್ತೆ ಹಿಂದಕ್ಕೆ ಹೋಗುತ್ತಾ ಓದಿದರು. ಮುಗಿಸಿ ಫೋನನ್ನು ಹಾಸಿಗೆಯ ಮೇಲೆ ಬೋರಲು ಹಾಕಿದರು. ಸಹಿ ಅಭ್ಯಾಸ ಮಾಡುತ್ತಿದ್ದ ಹಾಳೆಗಳು ಪಕ್ಕದಲ್ಲೇ ಇದ್ದವು. ಅವನ್ನು ಒಟ್ಟುಮಾಡಿ ನನ್ನ ಕಡೆ ಚಾಚಿದರು. ಎತ್ತಿಡು ಎಂದೋ ಎಸೆ ಎಂದೋ ನಾನು ಕೇಳಲಿಲ್ಲ.

ಸಂಜೆ ಕನ್ನಡಕದ ಹುಡುಗ ಫೋನ್ ಮಾಡಿದ. "ಅಕ್ಕ..." ಅಂದ. "ಸಾರ್‌ಗೆ ನಾನು ಏನಂತ ಹೇಳ್ಲಿ ಅಕ್ಕ? ನಮ್ಮ ಕೈಯಲ್ಲಿ ಏನೂ ಇರ್ಲಿಲ್ಲ. ಅವರೆಲ್ಲ ಸೇರಿ ತೀರ್ಮಾನ ಮಾಡಿದ್ಮೇಲೆ ನಾವು ಸಹಿ ಹಾಕೋದಷ್ಟೇ ಉಳಿದಿತ್ತು." ಅವನು ಅಳುತ್ತಿದ್ದಾನೆಂದು ತಿಳಿಯಿತು. ನಾನು ಫೋನನ್ನು ಇವರ ಎಡಗಿವಿಗೆ ಹಿಡಿದೆ. ಇವರು ಕೇಳಿಸಿಕೊಂಡರು. ಆ ಕಡೆಯ ಅಳು ನಿಲ್ಲುವವರೆಗೆ ಕಾದರು.

"ಊಟ... ಮಾಡಿದ್ಯಾ?" ಎಂದು ಕೇಳಿದರು. ಆಮೇಲೆ, "ಭಾನುವಾರ... ಬಾ."

ಅವನು ಬಂದ. ಹಿಂದಿನ ಹಾಗೆಯೇ ನೆಲದ ಮೇಲೆ ಕೂತ. ಮುದ್ದೆ, ಬಸ್ಸಾರು ಮಾಡಿದ್ದೆ. ಇವರು ಎಡಗೈಯಲ್ಲಿ ಚೆಲ್ಲಿಕೊಂಡು ಉಣ್ಣುವುದನ್ನು ನೋಡಲಾರದೆ ಅವನು ತನ್ನ ತಟ್ಟೆಯನ್ನೇ ನೋಡುತ್ತಿದ್ದ. ಇನ್ನೂ ಕೆಲವು ವರ್ಷ ಹೊಸ ಮಾಲೀಕರ ಕೆಳಗೆ ಕೆಲಸ ಮಾಡಲೇಬೇಕೆಂದು ಒಪ್ಪಂದವಾಗಿದೆ, ಬಿಟ್ಟು ಹೋಗುವ ಹಾಗಿಲ್ಲ ಎಂದು ಹೇಳಿದ. ಕಾಯಿಲ್ ವಿಭಾಗವನ್ನು ಮುಚ್ಚುತ್ತಾರಂತೆ, ಹೊರಗಿನಿಂದ ತರಿಸುತ್ತಾರಂತೆ. ಅವನಿಗೆ ಇನ್ನೊಂದು ಸೌಟು ಸಾರು ಹಾಕು ಎಂದು ಇವರು ನನಗೆ ಸನ್ನೆ ಮಾಡಿದರು. ಹೊರಡುವಾಗ ಅವನು ಇವರ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಿದ್ದ.

ಅವನ ಕಾರು ಬೀದಿ ದಾಟಿದ ಮೇಲೆ ನಾನು ತಟ್ಟೆಗಳನ್ನು ಎತ್ತುತ್ತಿದ್ದೆ. ಇವರು ನನ್ನನ್ನು ಕರೆದರು.

"ಅವನಿಗೆ... ಎಷ್ಟು ಬಂತಂತೆ?"

"ನಾನು ಕೇಳ್ಲಿಲ್ಲ ರೀ."

"ಕೇಳ್ಬೇಕಿತ್ತು," ಅಂದರು. ನಾನು ತಟ್ಟೆಗಳನ್ನು ಒಳಗೆ ಒಯ್ದು ನಲ್ಲಿ ತಿರುಗಿಸಿದೆ.